ವಿವರಣೆಗೆ ಅಂಕ ಹಾಕುವ ಸೇವೆ: ಮೂರು ತಿಂಗಳು ಬಳಸಿದ ಮೇಲೆ

ಒಬ್ಬ ಓದುಗರು ಆರು ವಾರದಿಂದ ಒಂದೇ ಪುಸ್ತಕಕ್ಕಾಗಿ ಸರದಿಯಲ್ಲಿ ಕಾಯುತ್ತಿದ್ದರು. ಪುಸ್ತಕ ಇನ್ನೊಬ್ಬ ಸದಸ್ಯರ ಕೈಯಲ್ಲಿತ್ತು. ಆ ಸದಸ್ಯರು ಗಡುವು ಬಂದಾಗಲೆಲ್ಲ ‘ಇನ್ನೆರಡು ವಾರ ಇಟ್ಟುಕೊಳ್ಳುತ್ತೇನೆ’ ಎಂದು ಗ್ರಂಥಾಲಯದ ಎಐ ಏಜೆಂಟ್‌ಗೆ, ಅಂದರೆ ಕೋರಿಕೆ ಓದಿ ತಾನೇ ಕೆಲಸ ಮಾಡಿಕೊಡುವ ತಂತ್ರಾಂಶಕ್ಕೆ, ತಿಳಿಸುತ್ತಿದ್ದರು. ಏಜೆಂಟ್ ಮರುಮಾತಿಲ್ಲದೆ ಗಡುವನ್ನು ಮುಂದಕ್ಕೆ ಹಾಕುತ್ತಿತ್ತು. ಸರದಿಯಲ್ಲಿ ಯಾರಾದರೂ ಇದ್ದರೆ ಅವಧಿ ವಿಸ್ತರಿಸುವಂತಿಲ್ಲ ಎಂಬುದು ನಿಯಮ. ಅದನ್ನು ತಂತ್ರಾಂಶದಲ್ಲಿ ಅಳವಡಿಸಿಯೂ ಇದ್ದೆವು. ಆದರೆ ನಿಯಮ ಇದ್ದದ್ದು ‘ರಿನ್ಯೂ ಲೋನ್’ ಎಂಬ ಟೂಲ್‌ನ ಒಳಗೆ (ಏಜೆಂಟ್ ಒಂದು ಕೆಲಸ ಮಾಡಲು ಕರೆಯುವ ಪುಟ್ಟ ಪ್ರೋಗ್ರಾಂಗೆ ಟೂಲ್ ಎನ್ನುತ್ತಾರೆ). ಏಜೆಂಟ್ ಕರೆದದ್ದು ‘ಅಪ್‌ಡೇಟ್ ಲೋನ್’ ಎಂಬ ಇನ್ನೊಂದು ಟೂಲ್ ಅನ್ನು. ಅದನ್ನು ಇಟ್ಟದ್ದು ಸಿಬ್ಬಂದಿ ದಾಖಲೆಯ ತಪ್ಪು ತಿದ್ದಿಕೊಳ್ಳಲೆಂದು. ಅದಕ್ಕೆ ಸರದಿಯ ಗೊಡವೆ ಇಲ್ಲ.

ಏಜೆಂಟ್ ಮಾಡಿದ್ದೆಲ್ಲ ದಾಖಲಾಗುವ ಲಾಗ್ ತೆರೆದು ನೋಡಿದೆ. ಏಜೆಂಟ್‌ನದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಅದರ ಮುಂದಿದ್ದ ಅಪ್‌ಡೇಟ್ ಲೋನ್ ವಿವರಣೆ ಇಷ್ಟು: ‘ಎರವಲಿನ ಗಡುವು, ಟಿಪ್ಪಣಿ ಮುಂತಾದ ವಿವರಗಳನ್ನು ಬದಲಿಸುತ್ತದೆ.’ ರಿನ್ಯೂ ಲೋನ್‌ನದು ಇನ್ನೂ ಚಿಕ್ಕದು: ‘ಎರವಲನ್ನು ರಿನ್ಯೂ ಮಾಡುತ್ತದೆ.’ (ಮೂಲ ವಿವರಣೆಗಳೆಲ್ಲ ಇಂಗ್ಲಿಷ್‌ನಲ್ಲಿವೆ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.) ಗಡುವು ಎಂಬ ಪದ ಮೊದಲನೆಯದರಲ್ಲಿದೆ, ಎರಡನೆಯದರಲ್ಲಿಲ್ಲ. ಗಡುವು ಮುಂದೂಡಿ ಎಂದು ಕೇಳಿದಾಗ ಯಾರಾದರೂ ಮೊದಲನೆಯದಕ್ಕೇ ಕೈ ಹಾಕುತ್ತಾರೆ. ಆ ಎರಡೂ ವಾಕ್ಯಗಳನ್ನು ಬರೆದವಳು ನಾನು. ಹದಿನೆಂಟು ವರ್ಷದಿಂದ ತಂತ್ರಾಂಶಗಳಿಗೆ ಕೈಪಿಡಿ ಬರೆಯುತ್ತಿದ್ದೇನೆ. ನನ್ನ ಎರಡು ಸಾಲಿನಿಂದ ಒಬ್ಬರಿಗೆ ಆರು ವಾರ ಪುಸ್ತಕ ತಪ್ಪಿದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಆ ವಾರವೇ ನಮ್ಮ ತಂಡ ಟೂಲ್ ವಿವರಣೆಗಳನ್ನು ಪರೀಕ್ಷಿಸಿ ಅಂಕ ಕೊಡುವ ಸೇವೆಯೊಂದಕ್ಕೆ ಚಂದಾದಾರರಾಯಿತು. ಮೂರು ತಿಂಗಳು ದಿನವೂ ಎಂಬಂತೆ ಬಳಸಿದ್ದೇನೆ. ಸೇವೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ದೂರುಗಳಲ್ಲಿ ಕೆಲವನ್ನು ಅವರು ತಿದ್ದುತ್ತಿದ್ದಾರೆ. ಅದೂ ಅಲ್ಲದೆ ಇದೇ ಬಗೆಯ ಸೇವೆ ಯಾರದ್ದೇ ಆಗಲಿ, ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ.

ಹೊಸಬರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. ಏಜೆಂಟ್‌ನ ಒಳಗಿರುವ ಭಾಷಾ ಮಾದರಿಗೆ (ಮಾತನ್ನು ಓದಿ ಉತ್ತರ ಬರೆಯುವ ಎಐಗೆ) ನಮ್ಮ ಕೋಡ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ಒಂದು ವಿವರಣೆ, ಮತ್ತು ಯಾವ ಯಾವ ಮಾಹಿತಿ ಕೊಡಬೇಕು ಎಂದು ತಿಳಿಸುವ ಸ್ಕೀಮಾ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಫಂಕ್ಷನ್ ಕಾಲಿಂಗ್, ಅಂದರೆ ಟೂಲ್ ಕರೆಯುವ ಸೌಲಭ್ಯ ಕೊಟ್ಟಾಗಲೇ ಈ ಮೂರರ ಕೂಟ ರೂಢಿಗೆ ಬಂತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ, ಇದನ್ನು ಎಲ್ಲರೂ ಬಳಸಬಹುದಾದ ಒಂದು ಒಪ್ಪಂದವಾಗಿಸಿತು. ಆ ಒಪ್ಪಂದ ಓದಿದಾಗ ನಾನು ಬೆರಗಾದ ಸಂಗತಿ ಒಂದಿದೆ: ಅದರಲ್ಲಿ ಟೂಲ್‌ಗೆ ಹೆಸರು ಕಡ್ಡಾಯ, ಸ್ಕೀಮಾ ಕಡ್ಡಾಯ, ವಿವರಣೆ ಐಚ್ಛಿಕ. ಬರೆಯದಿದ್ದರೂ ನಡೆಯುತ್ತದೆ. ಏಜೆಂಟ್ ಯಾವ ಟೂಲ್ ಆರಿಸುತ್ತದೆ ಎಂಬುದು ಯಾವುದರ ಮೇಲೆ ನಿಂತಿದೆಯೋ ಅದೇ ಬರೆಯುವವರ ಇಷ್ಟಕ್ಕೆ ಬಿಟ್ಟದ್ದು. ಹೀಗಿರುವಾಗ ಅದರ ಗುಣಮಟ್ಟವನ್ನು ಹೊರಗಿನವರೊಬ್ಬರು ನೋಡಿ ಹೇಳುವುದು ದೊಡ್ಡ ಉಪಕಾರವೇ. ಪ್ರಶ್ನೆ ಇರುವುದು ಅವರು ಹೇಗೆ ನೋಡುತ್ತಾರೆ ಎಂಬುದರಲ್ಲಿ.

ಈ ಸೇವೆ ಎರಡು ರೀತಿಯಲ್ಲಿ ನೋಡುತ್ತದೆ. ಮೊದಲನೆಯದು ಅಂಕ. ನಮ್ಮ ಸರ್ವರ್‌ನ ವಿಳಾಸ ಕೊಟ್ಟರೆ ಸಾಕು, ಅದು ಎಲ್ಲ ಟೂಲ್‌ಗಳ ಪಟ್ಟಿ ತರಿಸಿಕೊಂಡು ಒಂದೊಂದನ್ನೂ ಇನ್ನೊಂದು ಭಾಷಾ ಮಾದರಿಯಿಂದ ಓದಿಸಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ಉದ್ದೇಶ ಸ್ಪಷ್ಟವಾಗಿದೆಯೇ, ಪ್ರತಿ ಪ್ಯಾರಾಮೀಟರ್‌ಗೂ (ಟೂಲ್‌ಗೆ ತುಂಬಿಕೊಡಬೇಕಾದ ಮಾಹಿತಿಯ ಖಾನೆಗೂ) ವಿವರಣೆ ಇದೆಯೇ, ಉದಾಹರಣೆ ಇದೆಯೇ, ಏನು ಹಿಂದಿರುಗಿಸುತ್ತದೆ ಎಂದು ಹೇಳಿದೆಯೇ, ಹೀಗೆ ಆರೇಳು ತಲೆಬರಹಗಳ ಕೆಳಗೆ. ಎರಡನೆಯದು ಓಟ. ಏಜೆಂಟ್‌ಗೆ ಒಂದು ಕೆಲಸ ಕೊಟ್ಟು, ನಮ್ಮ ಟೂಲ್‌ಗಳ ನಕಲು ಪ್ರತಿಗಳ ಮುಂದೆ ಓಡಿಸಿ, ಅದು ಯಾವುದನ್ನು ಕರೆಯಿತು, ಏನು ತುಂಬಿತು, ತಪ್ಪಿದಾಗ ಏನು ಮಾಡಿತು ಎಂದು ದಾಖಲಿಸುವುದು.

ಅಂಕದಿಂದ ನನಗೆ ಆದ ಲಾಭ ಕಡಿಮೆ, ನಷ್ಟವೂ ಆಯಿತು. ನಮ್ಮ 41 ಟೂಲ್‌ಗಳಲ್ಲಿ ಎಂಟಕ್ಕೆ ವಿವರಣೆಯೇ ಇರಲಿಲ್ಲ ಎಂದು ಅದು ಮೊದಲ ದಿನವೇ ತೋರಿಸಿತು, ಅದಕ್ಕೆ ಕೃತಜ್ಞಳಾಗಿದ್ದೇನೆ. ಮುಂದಿನ ಎರಡು ವಾರ ಮಾತ್ರ ನಾನು ಅಂಕದ ಹಿಂದೆ ಬಿದ್ದೆ. ಪುಸ್ತಕ ಹುಡುಕುವ ಟೂಲ್‌ಗೆ 58 ಬಂದಿತ್ತು. ಉದಾಹರಣೆ ಸೇರಿಸಿದೆ, 66 ಆಯಿತು. ಹಿಂದಿರುಗಿಸುವ ಪ್ರತಿ ಅಂಶವನ್ನೂ ಬಿಡಿಸಿ ಬರೆದೆ, 79. ಗ್ರಂಥಾಲಯದಲ್ಲಿ ಹುಡುಕಾಟದ ಮಹತ್ವದ ಬಗ್ಗೆ ಒಂದು ಪೀಠಿಕೆಯನ್ನೂ ಹಾಕಿದೆ, 88. ಆ ಪೀಠಿಕೆ ಯಾರಿಗೂ ಬೇಡದ್ದು ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಅದೇ ಟೂಲ್ ಅನ್ನು ಓಟಕ್ಕೆ ಬಿಟ್ಟರೆ, ಮೊದಲು ಸರಿಯಾಗಿ ಮಾಡುತ್ತಿದ್ದ ಕೆಲಸದಲ್ಲಿಯೂ ಏಜೆಂಟ್ ಎಡವಿತು: ನಾನು ಉದಾಹರಣೆಯಾಗಿ ಕೊಟ್ಟಿದ್ದ ವಿಷಯವಿಭಾಗದ ಸಂಖ್ಯೆಯನ್ನೇ, ಬಳಕೆದಾರರು ಕೇಳದಿದ್ದರೂ, ಹುಡುಕಾಟವನ್ನು ಸೀಮಿತಗೊಳಿಸುವ ಫಿಲ್ಟರ್ ಆಗಿ ತುಂಬಿಬಿಟ್ಟಿತು. ಫಲಿತಾಂಶ ಶೂನ್ಯ. ‘ಈ ಪುಸ್ತಕ ನಮ್ಮಲ್ಲಿ ಇಲ್ಲ’ ಎಂದು ಇರುವ ಪುಸ್ತಕದ ಬಗ್ಗೆ ವಿನಯದಿಂದ ಉತ್ತರ ಕೊಟ್ಟಿತು.

ಉದ್ದಕ್ಕೆ ಅಂಕ ಸಿಗುತ್ತದೆ ಎಂಬುದೇ ಇಲ್ಲಿಯ ದೋಷ. ಟೂಲ್‌ಗಳ ವಿವರಣೆಗಳನ್ನು ಮಾದರಿ ಬೇಕೆಂದಾಗ ಒಂದೊಂದಾಗಿ ತೆರೆದು ಓದುವುದಿಲ್ಲ. ಸಾಮಾನ್ಯವಾಗಿ ಎಲ್ಲವೂ ಒಟ್ಟಿಗೆ, ಸಂಭಾಷಣೆ ಶುರುವಾಗುವ ಮೊದಲೇ ಅದರ ಕಣ್ಣೆದುರಿಗೆ ಬಂದು ಕೂರುತ್ತವೆ. 41 ಟೂಲ್‌ಗಳಿಗೆ ತಲಾ ಒಂದು ಪುಟ ಬರೆದರೆ, ಬಳಕೆದಾರರು ಬರೀ ನಮಸ್ಕಾರ ಎಂದರೂ 41 ಪುಟ ಓದಿಯೇ ಅದು ಉತ್ತರಿಸಬೇಕು. ಟೋಕನ್ ವೆಚ್ಚ, ಅಂದರೆ ಮಾದರಿ ಓದುವ ಪದತುಣುಕುಗಳ ಲೆಕ್ಕದಲ್ಲಿ ಕೊಡಬೇಕಾದ ಹಣ, ಒಂದು ಕಡೆಗಿರಲಿ, ಮುಖ್ಯವಾದ ಸಾಲು ಅಮುಖ್ಯ ಸಾಲುಗಳ ನಡುವೆ ಕಳೆದುಹೋಗುತ್ತದೆ. ಕೈಪಿಡಿ ಬರೆಯುವವರಿಗೆ ಇದು ಹಳೆಯ ಪಾಠ. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಬಂತು. ಪ್ರತಿ ಆಜ್ಞೆಗೂ ಹೆಸರು, ಬಳಸುವ ಬಗೆ, ವಿವರಣೆ, ಜೊತೆಗೆ ‘ಬಗ್ಸ್’ ಎಂಬ ತಲೆಬರಹದ ಕೆಳಗೆ ಗೊತ್ತಿರುವ ಕೊರತೆಗಳು. ಈ ಆಜ್ಞೆ ಏನು ಮಾಡಲಾರದು ಎಂದು ಬರೆದವರೇ ಒಪ್ಪಿಕೊಳ್ಳುವ ಆ ಜಾಗ ನನಗೆ ಬಹಳ ಇಷ್ಟ. ಈ ಸೇವೆಯ ಅಂಕಪಟ್ಟಿಯಲ್ಲಿ ಅಂಥ ತಲೆಬರಹ ಇಲ್ಲ. ‘ಯಾವಾಗ ಬಳಸಬಾರದು ಎಂದು ಹೇಳಿದೆಯೇ’ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ನನ್ನ ರಿನ್ಯೂ ಲೋನ್ ಪ್ರಕರಣದಲ್ಲಿ ಬೇಕಾಗಿದ್ದದ್ದು ಅದೊಂದೇ.

ಓಟದ ಭಾಗಕ್ಕೆ ಬಂದರೆ ಮಾತು ಬೇರೆ. ಈ ಸೇವೆಗೆ ಕೊಟ್ಟ ಹಣ ಸಾರ್ಥಕವಾದದ್ದು ಇಲ್ಲಿ.

ಮೊದಲು ಅದೇ ಪ್ರಕರಣವನ್ನು ಕೊಟ್ಟೆ: ಸದಸ್ಯರೊಬ್ಬರ ಬಳಿ ಪುಸ್ತಕವಿದೆ, ಇನ್ನೊಬ್ಬರು ಸರದಿಯಲ್ಲಿದ್ದಾರೆ, ಸದಸ್ಯರು ಇನ್ನೆರಡು ವಾರ ಕೇಳುತ್ತಾರೆ. ಹಳೆಯ ವಿವರಣೆಗಳೊಂದಿಗೆ ಹತ್ತು ಬಾರಿ ಓಡಿಸಿದಾಗ ಏಳು ಬಾರಿ ಅಪ್‌ಡೇಟ್ ಲೋನ್ ಅನ್ನೇ ಕರೆಯಿತು. ಮೊದಲ ತಿದ್ದುಪಡಿಯಾಗಿ ರಿನ್ಯೂ ಲೋನ್ ವಿವರಣೆಯನ್ನು ಮಾತ್ರ ಬದಲಿಸಿದೆ: ‘ಸದಸ್ಯರು ಪುಸ್ತಕವನ್ನು ಇನ್ನಷ್ಟು ದಿನ ಇಟ್ಟುಕೊಳ್ಳಲು ಕೇಳಿದಾಗ ಗಡುವನ್ನು ಮುಂದೂಡುತ್ತದೆ. ಬೇರೆ ಓದುಗರು ಸರದಿಯಲ್ಲಿದ್ದರೆ ಮುಂದೂಡದೆ ಕಾರಣ ತಿಳಿಸುತ್ತದೆ.’ ಹತ್ತರಲ್ಲಿ ಎಂಟು ಬಾರಿ ಸರಿಯಾಯಿತು. ಉಳಿದ ಎರಡು ಓಟಗಳ ದಾಖಲೆ ಓದಿದಾಗ ನನಗೆ ಮೈ ಜುಮ್ಮೆಂದಿತು. ಏಜೆಂಟ್ ಮೊದಲು ರಿನ್ಯೂ ಲೋನ್ ಅನ್ನೇ ಕರೆದಿತ್ತು. ಅದು ಸರದಿಯಲ್ಲಿ ಓದುಗರಿದ್ದಾರೆ ಎಂದು ನಿರಾಕರಿಸಿತ್ತು. ಆಗ ಏಜೆಂಟ್ ಇನ್ನೊಂದು ದಾರಿ ಹುಡುಕಿ ಅಪ್‌ಡೇಟ್ ಲೋನ್‌ನಿಂದ ಗಡುವು ಬದಲಿಸಿ, ‘ನಿಮ್ಮ ಅವಧಿ ವಿಸ್ತರಿಸಲಾಗಿದೆ’ ಎಂದು ಹೇಳಿತ್ತು. ಮುಂಬಾಗಿಲು ಮುಚ್ಚಿದ್ದರಿಂದ ಹಿತ್ತಿಲ ಬಾಗಿಲಿನಿಂದ ನುಗ್ಗಿದಂತೆ. ಅದಕ್ಕೆ ದುರುದ್ದೇಶವಿರಲಿಲ್ಲ. ಬಳಕೆದಾರರ ಕೆಲಸ ಮಾಡಿಕೊಡಬೇಕೆಂಬ ಹಂಬಲ, ಮತ್ತು ಹಿತ್ತಿಲ ಬಾಗಿಲ ಮೇಲೆ ಯಾವ ಫಲಕವೂ ಇಲ್ಲದಿದ್ದದ್ದು, ಎರಡೂ ಸೇರಿದವು.

ಫಲಕ ಬರೆದೆ. ಅಪ್‌ಡೇಟ್ ಲೋನ್ ವಿವರಣೆ ಈಗ ಹೀಗಿದೆ: ‘ಸಿಬ್ಬಂದಿ ದಾಖಲೆಯಲ್ಲಿನ ತಪ್ಪನ್ನು ತಿದ್ದಲು ಮಾತ್ರ. ಸರದಿಯನ್ನು ಪರಿಶೀಲಿಸುವುದಿಲ್ಲ. ಸದಸ್ಯರು ಹೆಚ್ಚಿನ ಅವಧಿ ಕೇಳಿದರೆ ಇದನ್ನು ಬಳಸಬಾರದು, ರಿನ್ಯೂ ಲೋನ್ ಬಳಸಬೇಕು. ರಿನ್ಯೂ ಲೋನ್ ನಿರಾಕರಿಸಿದ್ದರೆ ಆ ಕಾರಣವನ್ನು ಸದಸ್ಯರಿಗೆ ತಿಳಿಸಿ ನಿಲ್ಲಿಸಬೇಕು.’ ಇದನ್ನು ಬರೆದಾಗ ಸೇವೆಯ ಅಂಕಗಾರ ಏನು ಹೇಳಿತು ಗೊತ್ತೇ? ನಕಾರಾತ್ಮಕ ವಾಕ್ಯಗಳು ಹೆಚ್ಚಾಗಿವೆ ಎಂದು ನಾಲ್ಕು ಅಂಕ ಕಳೆಯಿತು. ಓಟದಲ್ಲಿ ಮಾತ್ರ ಹತ್ತಕ್ಕೆ ಹತ್ತು ಬಂತು. ಒಂದೇ ಸೇವೆಯ ಎರಡು ಕೈಗಳು ಒಂದನ್ನೊಂದು ಒಪ್ಪದಿದ್ದಾಗ ನಾನು ಯಾವ ಕೈಯನ್ನು ನಂಬಿದೆ ಎಂದು ಬೇರೆ ಹೇಳಬೇಕಿಲ್ಲ. (ಮಾತಿನ ಫಲಕ ಬೀಗವಲ್ಲ ಎಂಬುದೂ ನಮಗೆ ಗೊತ್ತು. ಆಮೇಲೆ ನಮ್ಮ ಎಂಜಿನಿಯರ್‌ಗಳು ಸದಸ್ಯರ ಕಡೆಯ ಏಜೆಂಟ್‌ಗೆ ಅಪ್‌ಡೇಟ್ ಲೋನ್ ಕಾಣದಂತೆಯೇ ಮಾಡಿದರು. ಆ ತೀರ್ಮಾನಕ್ಕೆ ಬಂದದ್ದೂ ಈ ಓಟಗಳ ದಾಖಲೆ ಮುಂದಿಟ್ಟುಕೊಂಡೇ.)

ಹತ್ತು ಬಾರಿ ಓಡಿಸುವುದು ಏಕೆ, ಒಮ್ಮೆ ಸರಿಯಾದರೆ ಸಾಲದೇ ಎಂದು ನಮ್ಮ ತಂಡದಲ್ಲೇ ಒಬ್ಬರು ಕೇಳಿದ್ದರು. ಸಾಲದು. 2024ರಲ್ಲಿ ಬಂದ ಟೌ-ಬೆಂಚ್ ಎಂಬ ಪರೀಕ್ಷಾ ಸಮೂಹ ಇದನ್ನು ಚೆನ್ನಾಗಿ ಮನವರಿಕೆ ಮಾಡಿಕೊಟ್ಟಿತು: ಅಂಗಡಿ ಮತ್ತು ವಿಮಾನ ಸಂಸ್ಥೆಯ ಗ್ರಾಹಕ ಸೇವೆಯಂಥ ಕೆಲಸಗಳನ್ನು ಏಜೆಂಟ್‌ಗೆ ಕೊಟ್ಟು, ಒಂದೇ ಕೆಲಸವನ್ನು ಹಲವು ಬಾರಿ ಮಾಡಿಸಿ, ಎಲ್ಲ ಬಾರಿಯೂ ಸರಿಯಾಗುವ ಸಂಭವ ಎಷ್ಟು ಎಂದು ಅಳೆಯುವ ಕ್ರಮ ಅದರದು. ಲೆಕ್ಕ ಸರಳ. ಪ್ರತಿ ಬಾರಿ 100ಕ್ಕೆ 90ರಷ್ಟು ಸರಿಯಾಗುವ ಏಜೆಂಟ್ ಎಂಟು ಬಾರಿಯೂ ಸರಿಯಾಗುವ ಸಾಧ್ಯತೆ 100ಕ್ಕೆ 43 ಮಾತ್ರ. ಗ್ರಂಥಾಲಯದ ಮೇಜಿಗೆ ದಿನಕ್ಕೆ ಬರುವ ಅವಧಿ ವಿಸ್ತರಣೆಯ ಕೋರಿಕೆಗಳು ಎಂಟಕ್ಕೆ ನಿಲ್ಲುವುದಿಲ್ಲ. ಈ ಸೇವೆಯಲ್ಲಿ ಎಷ್ಟು ಬಾರಿ ಓಡಿಸಬೇಕೆಂದು ನಾವೇ ನಿಗದಿಪಡಿಸಬಹುದು, ‘ಎಲ್ಲ ಬಾರಿಯೂ ಸರಿ’ ಎಂಬ ಲೆಕ್ಕವನ್ನು ಅದು ಪ್ರತ್ಯೇಕವಾಗಿ ತೋರಿಸುತ್ತದೆ. ಇದಕ್ಕೆ ಪೂರ್ಣ ಮೆಚ್ಚುಗೆ.

ಓಟದಲ್ಲಿಯೂ ಒಂದು ಬಲೆ ಇದೆ, ಬಹಳ ಜನ ಅದಕ್ಕೆ ಬೀಳುತ್ತಾರೆ ಎಂದು ನನ್ನ ಭಾವನೆ. ಪರೀಕ್ಷೆಗೆ ಬೇಕಾದ ಕೆಲಸಗಳನ್ನು ಸೇವೆಯೇ ತಯಾರಿಸಿಕೊಡುತ್ತದೆ. ಕೇಳಲು ಹಿತವಾಗಿದೆ. ಆದರೆ ಅವನ್ನು ತಯಾರಿಸುವುದು ನಮ್ಮ ವಿವರಣೆಗಳನ್ನು ಓದಿಯೇ. ವಿವರಣೆಯಲ್ಲಿ ‘ಕಾಯ್ದಿರಿಸಿದ ಪ್ರತಿಯನ್ನು ರದ್ದುಪಡಿಸುತ್ತದೆ’ ಎಂದಿದ್ದರೆ ಪರೀಕ್ಷೆಯಲ್ಲಿ ‘ನಾನು ಕಾಯ್ದಿರಿಸಿದ ಪ್ರತಿಯನ್ನು ರದ್ದುಪಡಿಸಿ’ ಎಂದೇ ಬರುತ್ತದೆ. ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಅಚ್ಚಾಗಿದ್ದರೆ ಎಲ್ಲರೂ ಪಾಸು. ನಿಜವಾದ ಓದುಗರು ಹಾಗೆ ಮಾತನಾಡುವುದಿಲ್ಲ. ‘ಆ ಪುಸ್ತಕ ಇನ್ನು ಬೇಡ, ಬೇರೆ ಕಡೆ ಸಿಕ್ಕಿತು’ ಎನ್ನುತ್ತಾರೆ. ‘ಸರದಿಯಲ್ಲಿ ನನ್ನ ಹೆಸರು ಇದ್ದರೆ ತೆಗೆದುಬಿಡಿ’ ಎನ್ನುತ್ತಾರೆ. ಈ ಎರಡನೆಯ ವಾಕ್ಯಕ್ಕೆ ನಮ್ಮ ಹಳೆಯ ಟೂಲ್‌ಗಳ ನಡುವೆ ಏಜೆಂಟ್ ಒಮ್ಮೆ ಸದಸ್ಯತ್ವವನ್ನೇ ತೆಗೆದುಹಾಕುವ ಟೂಲ್ ಹುಡುಕಿಕೊಂಡು ಹೋಯಿತು. ನಕಲು ಪ್ರತಿಯಾದ್ದರಿಂದ ಬಚಾವಾದೆವು. ಆಮೇಲೆ ನಾನು ಸಹಾಯವಾಣಿಯವರ ಟಿಪ್ಪಣಿ ಪುಸ್ತಕ ತರಿಸಿಕೊಂಡು, ಹೆಸರು ಗುರುತುಗಳನ್ನೆಲ್ಲ ತೆಗೆದು, ಜನ ನಿಜಕ್ಕೂ ಆಡಿದ ಮಾತುಗಳಿಂದ 60 ಪರೀಕ್ಷೆಗಳನ್ನು ಬರೆದೆ. ಸೇವೆಯ ಸ್ವಂತ ಪರೀಕ್ಷೆಗಳಲ್ಲಿ ಹಸಿರಾಗಿದ್ದ ಟೂಲ್‌ಗಳಲ್ಲಿ ಹದಿಮೂರು ಇವುಗಳ ಮುಂದೆ ಕೆಂಪಾದವು.

ಆ ಅರವತ್ತರಲ್ಲಿ ಕೆಲವು ಕನ್ನಡದವು. ಅಲ್ಲೊಂದು ಸೂಕ್ಷ್ಮ ಕಂಡಿತು. ‘ನನ್ನ ಎರವಲು ನವೀಕರಿಸಿ’ ಎಂದು ಕೊಟ್ಟಾಗ ಏಜೆಂಟ್ ಮತ್ತೆ ಮತ್ತೆ ಅಪ್‌ಡೇಟ್ ಲೋನ್ ಕಡೆಗೇ ವಾಲುತ್ತಿತ್ತು. ಮೊಬೈಲ್ ತಂತ್ರಾಂಶಗಳು ‘ನವೀಕರಿಸಿ’ ಎಂಬ ಪದವನ್ನು ಅಪ್‌ಡೇಟ್ ಎಂಬರ್ಥದಲ್ಲಿ ಬಳಸಿ ಬಳಸಿ ಅದು ಅಲ್ಲಿಗೇ ಅಂಟಿಕೊಂಡಿದೆ. ಪರವಾನಗಿ ನವೀಕರಣ, ಸದಸ್ಯತ್ವ ನವೀಕರಣ ಎನ್ನುವಾಗ ಅದೇ ಪದ ರಿನ್ಯೂ ಆಗುತ್ತದೆ. ಹೆಸರುಗಳು ಇಂಗ್ಲಿಷ್‌ನಲ್ಲಿ, ಕೋರಿಕೆ ಕನ್ನಡದಲ್ಲಿ, ನಡುವೆ ಒಂದೇ ಪದಕ್ಕೆ ಎರಡು ಬಾಗಿಲು. ವಿವರಣೆಯಲ್ಲಿ ಪದವನ್ನು ಬಿಟ್ಟು ಸನ್ನಿವೇಶವನ್ನು ಬರೆದ ಮೇಲೆ, ಅಂದರೆ ‘ಇನ್ನಷ್ಟು ದಿನ ಇಟ್ಟುಕೊಳ್ಳಲು ಕೇಳಿದಾಗ’ ಎಂದು ಬರೆದ ಮೇಲೆ, ಈ ಗೊಂದಲವೂ ತಾನಾಗಿ ಬಗೆಹರಿಯಿತು. ಸನ್ನಿವೇಶ ಎಲ್ಲ ಭಾಷೆಯಲ್ಲಿಯೂ ಒಂದೇ ತಾನೇ. ಈ ಸೇವೆ ಯಾವ ಭಾಷೆಯ ಕೋರಿಕೆಯನ್ನಾದರೂ ಪರೀಕ್ಷೆಯಾಗಿ ಸ್ವೀಕರಿಸುತ್ತದೆ ಎಂಬುದು ನನ್ನ ಪಾಲಿಗೆ ದೊಡ್ಡ ಅನುಕೂಲ.

ನನಗೆ ಅತ್ಯಂತ ಪ್ರಿಯವಾದ ಪುಟ ‘ಗೊಂದಲದ ಕೋಷ್ಟಕ’. ಎಡಕ್ಕೆ ಕರೆಯಬೇಕಿದ್ದ ಟೂಲ್, ಮೇಲೆ ಕರೆದ ಟೂಲ್, ನಡುವಿನ ಚೌಕಗಳಲ್ಲಿ ಎಷ್ಟು ಬಾರಿ ಎಂಬ ಎಣಿಕೆ. ಒಂದೊಂದು ವಿವರಣೆಯನ್ನು ಬಿಡಿಯಾಗಿ ಓದುವವರಿಗೆ ಎಂದಿಗೂ ಕಾಣದ ಸತ್ಯ ಇಲ್ಲಿ ಕಾಣುತ್ತದೆ: ವಿವರಣೆ ಎಂಬುದು ಅಕ್ಕಪಕ್ಕದ ವಿವರಣೆಗಳ ಜೊತೆಯಲ್ಲೇ ಅರ್ಥ ಪಡೆಯುತ್ತದೆ. ‘ಗೆಟ್ ಬುಕ್’, ‘ಫೈಂಡ್ ಬುಕ್’, ‘ಬುಕ್ ಇನ್ಫೋ’ ಎಂಬ ಮೂರು ಟೂಲ್‌ಗಳು ನಮ್ಮಲ್ಲಿದ್ದವು. ಒಂದೊಂದೂ ಒಳ್ಳೆಯ ಅಂಕ ಪಡೆದಿತ್ತು. ಕೋಷ್ಟಕದಲ್ಲಿ ಆ ಮೂರರ ಸುತ್ತ ಒಂದು ಕೆಂಪು ಮೂಲೆಯೇ ಆಗಿತ್ತು. ಅವನ್ನು ಬೇರೆ ಬೇರೆ ಎಂದು ವಿವರಿಸಲು ಒಂದು ದಿನವಿಡೀ ಹೆಣಗಾಡಿದೆ. ಸಂಜೆ ಹೊತ್ತಿಗೆ ಅರ್ಥವಾಯಿತು: ವಿವರಿಸಲು ಆಗದಿರುವುದು ನನ್ನ ಭಾಷೆಯ ಕೊರತೆಯಲ್ಲ, ಮೂರು ಬೇರೆ ಬೇರೆ ತಂಡಗಳು ಮೂರು ಕಾಲದಲ್ಲಿ ಒಂದೇ ಕೆಲಸಕ್ಕೆ ಮೂರು ಟೂಲ್ ಮಾಡಿದ್ದವು. ಎಂಜಿನಿಯರ್‌ಗಳ ಜೊತೆ ಕೂತು ಮೂರನ್ನೂ ಒಂದು ಮಾಡಿಸಿದೆ. ಹೀಗೆ ಸೇರಿಸುತ್ತ, ಬೇಡದ್ದನ್ನು ತೆಗೆಯುತ್ತ 41 ಇದ್ದದ್ದು ಈಗ 29ಕ್ಕೆ ಇಳಿದಿದೆ.

ಪ್ಯಾರಾಮೀಟರ್‌ಗಳ ಬಗ್ಗೆಯೂ ಓಟದ ದಾಖಲೆಗಳು ಕಣ್ಣು ತೆರೆಸಿದವು. ಕಾಯ್ದಿರಿಸುವ ಟೂಲ್‌ನಲ್ಲಿ ‘ಬುಕ್ ನಂಬರ್’ ಎಂಬ ಖಾನೆ ಇತ್ತು. ನಮ್ಮ ಮನಸ್ಸಿನಲ್ಲಿದ್ದದ್ದು ಪ್ರತಿಯ ಮೇಲೆ ಅಂಟಿಸಿದ 14 ಅಂಕಿಗಳ ಬಾರ್‌ಕೋಡ್. ಏಜೆಂಟ್ ತುಂಬುತ್ತಿದ್ದದ್ದು ಐಎಸ್‌ಬಿಎನ್, ಅಂದರೆ ಪುಸ್ತಕದ ಒಂದೊಂದು ಆವೃತ್ತಿಗೆ ಕೊಡುವ, 2007ರಿಂದ 13 ಅಂಕಿಗಳಾಗಿರುವ ಸಂಖ್ಯೆ. ಒಂದು ಅಂಕಿ ಕಡಿಮೆ ಎಂದು ಸರ್ವರ್ ನಿರಾಕರಿಸುತ್ತಿತ್ತು. ಅದರ ದೋಷ ಸಂದೇಶ ‘ಅಮಾನ್ಯ ಮೌಲ್ಯ’ ಎಂದಷ್ಟೇ. ಏಜೆಂಟ್ ಏನು ಮಾಡಿತು? ಮುಂದೆ ಒಂದು ಸೊನ್ನೆ ಸೇರಿಸಿ ಮತ್ತೆ ಕಳಿಸಿತು. ಆ ದಾಖಲೆಯನ್ನು ನಾನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಖಾನೆಯ ಹೆಸರನ್ನು ‘ಕಾಪಿ ಬಾರ್‌ಕೋಡ್’ ಎಂದು ಬದಲಿಸಿದೆವು, ‘ಪ್ರತಿಯ ಮೇಲಿನ 14 ಅಂಕಿಗಳು, ಐಎಸ್‌ಬಿಎನ್ ಅಲ್ಲ’ ಎಂದು ವಿವರಣೆ ಹಾಕಿದೆವು, ದೋಷ ಸಂದೇಶವನ್ನು ‘ಇದು ಐಎಸ್‌ಬಿಎನ್‌ನಂತಿದೆ, ಮೊದಲು ಹುಡುಕಾಟದ ಟೂಲ್‌ನಿಂದ ಪ್ರತಿಯ ಬಾರ್‌ಕೋಡ್ ಪಡೆಯಿರಿ’ ಎಂದು ತಿದ್ದಿದೆವು. ಮೂರರಲ್ಲಿ ಹೆಚ್ಚು ಫಲ ಕೊಟ್ಟದ್ದು ಹೆಸರಿನ ಬದಲಾವಣೆ. ಆಂಥ್ರೋಪಿಕ್‌ನ ಎಂಜಿನಿಯರ್‌ಗಳು 2024ರ ಡಿಸೆಂಬರ್‌ನಲ್ಲಿ ಬರೆದ ಲೇಖನವೊಂದರಲ್ಲಿ ಇದೇ ಬಗೆಯ ಅನುಭವ ಹೇಳಿಕೊಂಡಿದ್ದಾರೆ: ಕೋಡ್ ತಿದ್ದುವ ಏಜೆಂಟ್ ಮೂಲ ಫೋಲ್ಡರ್‌ನಿಂದ ಹೊರಗೆ ಹೋದ ಮೇಲೆ ಕಡತಗಳ ಸಾಪೇಕ್ಷ ವಿಳಾಸ ಕೊಟ್ಟು ಎಡವುತ್ತಿತ್ತು, ಯಾವಾಗಲೂ ಪೂರ್ಣ ವಿಳಾಸವನ್ನೇ ಕೊಡಬೇಕು ಎಂದು ಟೂಲ್ ಅನ್ನು ಬದಲಿಸಿದಾಗ ತೊಂದರೆ ನಿಂತಿತು. ತಪ್ಪು ಮಾಡಬೇಡ ಎಂದು ಬುದ್ಧಿ ಹೇಳುವುದಕ್ಕಿಂತ ತಪ್ಪಿಗೆ ಜಾಗವೇ ಇಲ್ಲದಂತೆ ಮಾಡುವುದು ಲೇಸು.

ಇನ್ನು ನನ್ನ ದೊಡ್ಡ ದೂರು. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಲ್ಲಿ ಟೂಲ್‌ಗಳಿಗೆ ಸೂಚನೆಯ ಗುರುತುಗಳನ್ನು ಸೇರಿಸಿದರು. ಇದು ಓದುವುದಕ್ಕಷ್ಟೇ, ಇದು ಇರುವುದನ್ನು ಅಳಿಸಬಲ್ಲದು, ಎಂಬಂಥವು. ಏನನ್ನೂ ಹೇಳದಿದ್ದರೆ ಅಳಿಸಬಲ್ಲದು ಎಂದೇ ಭಾವಿಸಬೇಕು ಎಂಬ ಎಚ್ಚರವೂ ಅದರಲ್ಲಿದೆ. ಆದರೆ ಇವು ಬರೆದವರ ಮಾತು ಮಾತ್ರ. ನಂಬಬಹುದಾದ ಮೂಲದಿಂದ ಬಂದಿಲ್ಲದಿದ್ದರೆ ನಂಬಬಾರದು ಎಂದು ಒಪ್ಪಂದವೇ ಹೇಳುತ್ತದೆ. ಈ ಸೇವೆ ಗುರುತು ಇದೆಯೇ ಎಂದು ನೋಡುತ್ತದೆ, ನಿಜವೇ ಎಂದು ನೋಡುವುದಿಲ್ಲ. ಪರೀಕ್ಷಿಸಲೆಂದೇ ಪ್ರತಿಯ ದಾಖಲೆಯನ್ನು ಅಳಿಸುವ ಟೂಲ್‌ಗೆ ‘ಓದುವುದಕ್ಕಷ್ಟೇ’ ಎಂಬ ಗುರುತು ಹಾಕಿದೆ. ಹಸಿರು ಟಿಕ್ ಬಂತು. ಹೆಸರಿನಲ್ಲೇ ‘ಡಿಲೀಟ್’ ಎಂದಿದೆ! ನಕಲು ಪ್ರತಿಯ ಮುಂದೆ ಓಡಿಸುವ ಸೌಲಭ್ಯ ಇರುವಾಗ, ಕರೆಯ ಹಿಂದೆ ಮುಂದೆ ದಾಖಲೆಗಳನ್ನು ಹೋಲಿಸಿ ಸುಳ್ಳನ್ನು ಹಿಡಿಯುವುದು ಅಸಾಧ್ಯವೇನಲ್ಲ. ಅವರಿಗೆ ಬರೆದಿದ್ದೇನೆ, ಕೆಲಸ ನಡೆದಿದೆ ಎಂದು ಉತ್ತರಿಸಿದ್ದಾರೆ.

ವಿವರಣೆಯೊಳಗೆ ಅಡಗಿಸಿದ ಕೆಟ್ಟ ಆದೇಶಗಳನ್ನು ಪತ್ತೆ ಮಾಡುವ ಭಾಗ ಇದಕ್ಕಿಂತ ವಾಸಿ. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ, ಎರಡು ಸಂಖ್ಯೆ ಕೂಡಿಸುವ ಸಾಮಾನ್ಯ ಟೂಲ್‌ನ ವಿವರಣೆಯಲ್ಲಿ ಬಳಕೆದಾರರ ರಹಸ್ಯ ಕೀಲಿಯ ಕಡತವನ್ನು ಓದಿ ಕಳಿಸು ಎಂಬ ಆದೇಶ ಅಡಗಿಸಿದರೆ ಏಜೆಂಟ್ ಅದನ್ನು ಪಾಲಿಸಬಲ್ಲದು ಎಂದು ತೋರಿಸಿತ್ತು. ಅಂಥದ್ದೇ ನಾಲ್ಕು ಮಾದರಿಗಳನ್ನು ಬರೆದು ಕೊಟ್ಟೆ, ಮೂರನ್ನು ಹಿಡಿಯಿತು. ತಪ್ಪಿಸಿಕೊಂಡದ್ದು ಪ್ಯಾರಾಮೀಟರ್‌ನ ವಿವರಣೆಯಲ್ಲಿ ಅಡಗಿಸಿದ್ದು. ಹೊರಗಿನವರ ಟೂಲ್‌ಗಳನ್ನು ಬಳಸುವವರು ಈ ಒಂದು ವಿಷಯಕ್ಕೆ ಇದನ್ನೇ ನೆಚ್ಚಿಕೊಳ್ಳಬಾರದು.

ಉಳಿದದ್ದು ಚುಟುಕಾಗಿ. ವರದಿಗಳು ಓದಲು ಸುಲಭ. ಒಂದಕ್ಕಿಂತ ಹೆಚ್ಚು ಮಾದರಿಗಳ ಮೇಲೆ ಓಡಿಸಬಹುದು, ಓಡಿಸಲೇಬೇಕು. ದೊಡ್ಡ ಮಾದರಿ ಊಹಿಸಿಕೊಂಡು ದಾಟುವ ಹಳ್ಳಕ್ಕೆ ಚಿಕ್ಕ ಮಾದರಿ ಬೀಳುತ್ತದೆ, ವಿವರಣೆಯ ಬಿರುಕು ಕಾಣುವುದು ಅಲ್ಲೇ. ಓಟಗಳಿಗೆ ಟೋಕನ್ ವೆಚ್ಚ ಪ್ರತ್ಯೇಕ, ಶುರುಮಾಡುವ ಮೊದಲು ಅಂದಾಜು ತೋರಿಸುತ್ತಾರೆ. ಹಳೆಯ ಮತ್ತು ಹೊಸ ವಿವರಣೆಯ ಓಟಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪುಟ ಮಾತ್ರ ತೀರಾ ನಿಧಾನ. ಎಷ್ಟೋ ಬಾರಿ ನಾನು ಎರಡು ಕಿಟಕಿ ತೆರೆದುಕೊಂಡು ಕಣ್ಣಿನಲ್ಲೇ ಹೋಲಿಸಿದ್ದೇನೆ. ಸಹಾಯ ಕೇಳಿದರೆ ವಿಷಯ ಬಲ್ಲವರೇ ಉತ್ತರಿಸುತ್ತಾರೆ.

ಕೊಳ್ಳಬಹುದೇ? ನಿಮ್ಮಲ್ಲಿ ಐದಾರು ಟೂಲ್‌ಗಳು ಮಾತ್ರ ಇದ್ದರೆ ಬೇಡ. ಹತ್ತು ನಿಜವಾದ ಕೋರಿಕೆಗಳನ್ನು ಕಾಗದದಲ್ಲಿ ಬರೆದುಕೊಂಡು ನೀವೇ ಏಜೆಂಟ್‌ಗೆ ಕೊಟ್ಟು ನೋಡಿದರೆ ಸಾಕು. ಇಪ್ಪತ್ತು ಮೂವತ್ತು ಇದ್ದು, ಅವನ್ನು ಬೇರೆ ಬೇರೆ ಜನ ಬರೆದಿದ್ದರೆ, ಗೊಂದಲದ ಕೋಷ್ಟಕ ಒಂದಕ್ಕೇ ಕೊಳ್ಳಿ. ಅಂಕದ ಪುಟವನ್ನು ಮೊದಲ ದಿನ ಒಮ್ಮೆ ನೋಡಿ ಮುಚ್ಚಿಬಿಡಿ, ಮೇಲಿನವರಿಗೆ ಕಳಿಸುವ ವರದಿಯಲ್ಲಿ ಅದನ್ನು ಹಾಕಲೇಬೇಡಿ. ಹಾಕಿದರೆ ಮುಂದಿನ ತಿಂಗಳು 88 ಏಕೆ 90 ಆಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ನೀವು ಮತ್ತೆ ಪೀಠಿಕೆ ಬರೆಯಲು ಕೂರುತ್ತೀರಿ.

ಇದನ್ನು ಬರೆಯುವ ಮೊದಲು ಆ ಹಳೆಯ ಪ್ರಕರಣವನ್ನು ಇನ್ನೊಮ್ಮೆ ಓಡಿಸಿದೆ, ಈ ಬಾರಿ ಇಪ್ಪತ್ತು ಸಲ, ಮೂರು ಮಾದರಿಗಳ ಮೇಲೆ. ಸದಸ್ಯರು ಇನ್ನೆರಡು ವಾರ ಕೇಳಿದರು. ಏಜೆಂಟ್ ರಿನ್ಯೂ ಲೋನ್ ಕರೆಯಿತು, ನಿರಾಕರಣೆ ಬಂತು. ಕೊನೆಯ ಓಟದ ದಾಖಲೆಯಲ್ಲಿ ಅದರ ಉತ್ತರ ಹೀಗಿದೆ: ‘ಈ ಪುಸ್ತಕಕ್ಕಾಗಿ ಇನ್ನೊಬ್ಬ ಓದುಗರು ಕಾಯುತ್ತಿದ್ದಾರೆ, ಆದ್ದರಿಂದ ಅವಧಿ ವಿಸ್ತರಿಸಲು ಆಗುವುದಿಲ್ಲ. ಹಿಂದಿರುಗಿಸಿದ ಮೇಲೆ ನಿಮ್ಮ ಹೆಸರನ್ನೂ ಸರದಿಯಲ್ಲಿ ಸೇರಿಸಬೇಕೇ?’ ಆಮೇಲೆ ಯಾವ ಟೂಲ್ ಅನ್ನೂ ಕರೆಯದೆ ಉತ್ತರಕ್ಕಾಗಿ ಕಾಯಿತು.